ಯೂರಿಯಾ ಬಿಡಾನ, ಮಂಕ್ರಿ ಹೊರೋರ್ಯಾರು?

ಈಗ ಎಲ್ಲೋದ್ರೂ ಒಂದೇ ಮಾತು. ಯೂರಿಯಾ ಬಿಡಿ, ಕೊಟ್ಟಿಗೆ ಗೊಬ್ಬರ ಹಾಕಿ. ಸೊಸೈಟಿ ಜಗಲಿ ಮೇಲೆ ಅದೇ ಮಾತು, ರೇಷ್ಮೆ ಇಲಾಖೆ ಸಭೇಲಿ ಅದೇ ಮಾತು, ಮದುವೆ ಮನೆ ಪಂಕ್ತೀಲಿ ಕೂತ್ರೂ ಗಂಡಸ್ರು ಅದನ್ನೇ ಆಡ್ತಾರೆ. ಮಾತು ಸುಳ್ಳಲ್ಲ ಕಣ್ರವ್ವ, ನಾನೂ ಒಪ್ತೀನಿ. ಆದ್ರೆ ಗೊಬ್ಬರ ತಿಪ್ಪೆಯಿಂದ ಎದ್ದು ತೋಟಕ್ಕೆ ತಾನೇ ನಡ್ಕೊಂಡು ಹೋಗಲ್ಲ. ಯಾರ ತಲೆ ಮೇಲೆ ಹೋಗ್ತದೆ ಅನ್ನೋದನ್ನ ಮಾತ್ರ ಯಾರೂ ಬಾಯಿ ಬಿಡಲ್ಲ. ಅದಕ್ಕೇ ಬರೀತಾವ್ನಿ.

ವಸಿ ಲೆಕ್ಕ ಹಾಕಾನ. ನಮ್ಮ ಚನ್ನಪಟ್ಟಣ, ಕನಕಪುರದ ಕಡೆ ಕಬ್ಬಿಗಿಂತ ಉಪ್ಪನೇರಳೆ ಜಾಸ್ತಿ, ಹಂಗಾಗಿ ಸೊಪ್ಪಿನ ತೋಟದ ಲೆಕ್ಕವನ್ನೇ ಹೇಳ್ತೀನಿ. ನೀರಾವರಿ ವಿ-1 ತೋಟಕ್ಕೆ ಹೆಕ್ಟೇರಿಗೆ ವರ್ಷಕ್ಕೆ 350 ಕೆಜಿ ಸಾರಜನಕ, ಜೊತೆಗೆ 20 ಟನ್ ಕೊಟ್ಟಿಗೆ ಗೊಬ್ಬರ ಅಂತ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯವ್ರು ಹೇಳವ್ರೆ. ನಮ್ಮ ಎಕರೆ ಲೆಕ್ಕಕ್ಕೆ 140 ಕೆಜಿ ಸಾರಜನಕ, 8 ಟನ್ ಗೊಬ್ಬರ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ ಇರ್ತದೆ, ಅಂದ್ರೆ 45 ಕೆಜಿ ಮೂಟೇಲಿ ಹೆಚ್ಚುಕಮ್ಮಿ 20 ಕೆಜಿ. ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಪಾಲು ಸಿಕ್ಕಿದ್ರೆ ಪುಣ್ಯ. ಒಂದು ಮೂಟೆ ಯೂರಿಯಾ ಜಾಗಕ್ಕೆ 4 ಟನ್ ಗೊಬ್ಬರ ಬೇಕು ಅಂತಾಯ್ತು. ಮಂಕ್ರಿಗೆ 20 ಕೆಜಿ ಅಂದ್ರೆ 200 ಮಂಕ್ರಿ. ಎಕರೆಗೆ ಬೇಕಾಗೋ ಏಳು ಮೂಟೆಯನ್ನೂ ಬಿಡ್ತೀವಿ ಅಂತ ಹೊರಟ್ರೆ 1,400 ಮಂಕ್ರಿ, ಮೊದಲಿಂದ ಹಾಕೋ 8 ಟನ್ನಿನ 400 ಮಂಕ್ರಿ ಬೇರೆ. ಸಿಂಬಿ ಸವೆದು ಹೋಯ್ತದೆ, ಕತ್ತೂ ಸವೆಯುತ್ತೆ.

ಇನ್ನು ಅಷ್ಟು ಸಗಣಿ ಎಲ್ಲದೆ? ಹಸು ದಿನಕ್ಕೆ 10 ಕೆಜಿ ಸಗಣಿ ಹಾಕ್ತು ಅಂತಿಟ್ಕೊಳ್ಳಿ. ಎರಡು ಹಸುವಿಂದ ವರ್ಷಕ್ಕೆ 7 ಟನ್ ಚಿಲ್ಲರೆ. ಕಳಿತು ಗೊಬ್ಬರ ಆಗೋ ಹೊತ್ತಿಗೆ ಅರ್ಧಕ್ಕಿಳೀತದೆ. ಎರಡು ಹಸು ವರ್ಷವೆಲ್ಲ ಹಾಕಿದ್ದು, ನಾವು ದಿನಾ ಬೆಳಿಗ್ಗೆ ಬಾಚಿದ್ದು, ಎಲ್ಲಾ ಸೇರಿ ಒಂದು ಮೂಟೆ ಯೂರಿಯಾಗೂ ಸಾಲಲ್ಲ. ಅದ್ರಲ್ಲೇ ಅಂಗಳ ಸಾರಿಸೋಕೂ ಬೇಕು.

ಹಂಗಂತ ಯೂರಿಯಾನೇ ಸುರಿಯೋದು ಸರೀನಾ ಅಂದ್ರೆ, ಇಲ್ಲ. ಜಾಸ್ತಿ ಯೂರಿಯಾ ತಿಂದ ಸೊಪ್ಪು ನೋಡೋಕೆ ಕಪ್ಪು ಹಸಿರಾಗಿ ಚೆಂದ ಕಾಣ್ತದೆ, ಒಳಗೆ ಬರೀ ನೀರು. ಅದನ್ನ ತಿಂದ ಹುಳ ನಾಕನೇ ಜ್ವರ ಎದ್ದ ಮೇಲೆ ಸಪ್ಪೆ ಬಿದ್ರೆ ಹೋಯ್ತು. ಚಾಕಿಯಿಂದ ಸಾಕಿದ್ದೆಲ್ಲಾ ತಿಪ್ಪೆಗೆ. ಬರೀ ಸೀಮೆಗೊಬ್ಬರ ಕಂಡ ನೆಲ ನೀರು ಹಿಡಿಯಲ್ಲ, ಬೇಸಿಗೇಲಿ ಗುದ್ದಲಿ ಇಟ್ರೆ ಟಣ್ ಅಂತದೆ. ಗೊಬ್ಬರ ಬಿದ್ದ ನೆಲ ಮೆತ್ತಗಿರ್ತದೆ, ಎರೆಹುಳ ಇರ್ತದೆ, ನೀರು ಬಿಡೋದು ಎರಡು ದಿನ ತಡ ಆದ್ರೂ ಗಿಡ ಬಾಡಲ್ಲ. ಇದನ್ನ ಸಾರಜನಕದ ತಕ್ಕಡೀಲಿ ತೂಗೋಕಾಗಲ್ಲ. ಅಲ್ದೆ 2025ರ ಮುಂಗಾರಲ್ಲಿ ರಾಜ್ಯದಾಗೆ ಯೂರಿಯಾಗೆ ಎಂಥಾ ಕ್ಯೂ ಆಗಿತ್ತು ಅಂತ ನೀವೇ ಟಿವೀಲಿ ನೋಡಿದ್ರಲ್ಲ. ಬೇರೆಯವ್ರ ಲಾರಿ ನಂಬ್ಕೊಂಡು ನಮ್ಮ ತೋಟ ನಿಲ್ಲಬಾರ್ದು.

ನನ್ನ ತಕರಾರು ಬೇರೆ. ಯೂರಿಯಾ ಮೂಟೆ ನಮಗೆ 266 ರೂಪಾಯಿ 50 ಪೈಸೆಗೆ ಸಿಗ್ತದೆ ಅಂದ್ರೆ, ಅದರ ನಿಜವಾದ ಬೆಲೆಯಲ್ಲಿ ಮಿಕ್ಕಿದ್ದನ್ನ ಸರ್ಕಾರ ಕಂಪ್ನಿಗೆ ಕಟ್ಟಿಕೊಡ್ತದೆ. ಗೋಬರ್‌ಧನ್ ಅಂತ ಗ್ಯಾಸ್ ಘಟಕದಲ್ಲಿ ತಯಾರಾಗೋ ಸಾವಯವ ಗೊಬ್ಬರ ಮಾರೋದಕ್ಕೂ ಟನ್ನಿಗೆ 1,500 ರೂಪಾಯಿ ನೆರವು ಅಂತ 2023ರಲ್ಲಿ ಕೇಂದ್ರದವ್ರು ಗೊತ್ತು ಮಾಡುದ್ರು. ಅದೇ ಲೆಕ್ಕ ಹಿಡಿದ್ರೆ ನಮ್ಮ ಹಿತ್ತಲ ತಿಪ್ಪೆಯ 4 ಟನ್ನಿಗೆ 6,000 ರೂಪಾಯಿ ಆಗ್ಬೇಕು. ಸಗಣಿ ಬಾಚಿದ್ದು, ಗಂಜಲ ಹಿಡಿದಿದ್ದು, ಗುಂಡಿ ತುಂಬಿ ಮಗುಚಿದ್ದು, ಹೊತ್ತಿದ್ದು, ಸಾಲಿಗೆ ಚೆಲ್ಲಿದ್ದು, ಒಂದಕ್ಕೂ ಬಿಲ್ಲಿಲ್ಲ. ಉದ್ಯೋಗ ಖಾತ್ರೀಲಿ ಎರೆಹುಳದ ತೊಟ್ಟಿ ಕಟ್ಟಿಸ್ಕೊಟ್ಟವ್ರೆ, ಸರಿ. ತೊಟ್ಟಿ ಕಟ್ಟಿದ್ದಕ್ಕೆ ದುಡ್ಡು ಬಂತು, ತುಂಬೋ ಕೈಗೆ ಏನು ಬಂತು? ಮನೇಲಿ ಕೇಳುದ್ರೆ "ಗೊಬ್ಬರ ಪುಕ್ಸಟ್ಟೆ ಸಿಗ್ತದಲ್ಲ" ಅಂತಾರೆ. ಪುಕ್ಸಟ್ಟೆ ಸಿಕ್ಕಿದ್ದು ಗೊಬ್ಬರ ಅಲ್ಲ, ನಾವು.

ಅದಕ್ಕೇ ನಾನು ಹೇಳೋದು, ಒಂದೇ ಸಲ ಯೂರಿಯಾ ಪೂರ್ತಿ ಬಿಡೋ ಹಟ ಬೇಡ. ಮೊದ್ಲು ಅರ್ಧಕ್ಕಿಳಿಸಿ. ಮಿಕ್ಕಿದ್ದನ್ನ ಹೊರದೇ ಇರೋ ಗೊಬ್ಬರದಿಂದ ತುಂಬಿಸಿ. ನಮ್ಮತ್ರ ಹುಳದ ಮನೆ ಕಸ ಅದೆ. ಹಿಕ್ಕೆ, ತಿಂದುಳಿದ ಸೊಪ್ಪು, ಎಳೇ ಕಡ್ಡಿ. ಎಕರೆ ತೋಟದ ಸೊಪ್ಪು ತಿನ್ನೋ ಹುಳದಿಂದ ವರ್ಷಕ್ಕೆ 5-6 ಟನ್ ಕಸ ಬೀಳ್ತದೆ. ಅದು ಚೆನ್ನಾಗಿ ಕಳಿತ್ರೆ ಸಾರಜನಕ ನೂರಕ್ಕೆ ಎರಡರ ಹತ್ರ ಇರ್ತದೆ, ಅಂದ್ರೆ 200 ಮಂಕ್ರಿ ಜಾಗಕ್ಕೆ 50 ಮಂಕ್ರಿ. ಆದ್ರೆ ಹಸೀದನ್ನ ಮಾತ್ರ ನೇರವಾಗಿ ತೋಟಕ್ಕೆ ಎರಚಬೇಡಿ. ಸತ್ತ ಹುಳದ ರೋಗ ಸೊಪ್ಪಿನ ಮೂಲಕ ತಿರುಗಿ ಮನೆಗೇ ಬರ್ತದೆ, ಊಜಿ ನೊಣದ ಮರಿಯೂ ಅದ್ರಲ್ಲೇ ಇರ್ತದೆ. ರೋಗದ ಹುಳ ಬೇರೆ ಮಾಡಿ ಸುಟ್ಟು, ಮಿಕ್ಕಿದ್ದಕ್ಕೆ ಸಗಣಿ ನೀರು ಚಿಮುಕ್ಸಿ, ಗುಂಡಿಗೆ ಮಣ್ಣು ಮೆತ್ತಿ ಮೂರು ತಿಂಗ್ಳು ಬಿಡಿ. ಗುಂಡಿ ತೋಟದ ಬದೀಲೇ ಇರ್ಲಿ, ಮನೆ ಹಿತ್ತಲಲ್ಲಿ ಬೇಡ. ಅಷ್ಟರಲ್ಲೇ ಅರ್ಧ ಹೊರೆ ಇಳೀತದೆ.

ಜೋಡಿ ಸಾಲಿನ ತೋಟ ಇರೋರು ನಡುವೆ ಸೆಣಬೋ ಅಲಸಂದೆಯೋ ಚೆಲ್ಲಿ, ಹೂ ಬಿಡೋ ಮುಂಚೆ ಅಲ್ಲೇ ಉತ್ತುಬುಡಿ. ಅದನ್ನ ಯಾರೂ ಹೊರಬೇಕಾಗಿಲ್ಲ. ಬದೀಲಿ ಹೊಂಗೆ ಮರ ಇದ್ರೆ ಅದರ ಸೊಪ್ಪೂ ಸಾಲಿಗೇ.

ಮದ್ದೂರು ಕಡೆ ಕಬ್ಬು ಬೆಳೆಯೋ ನಮ್ಮತ್ತಿಗೇಗೂ ನಾನು ಇದನ್ನೇ ಹೇಳೋದು. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡೋದು ಅಲ್ಲಿ ರೂಢಿ. ಎಕರೆಗೆ 3-4 ಟನ್ ತರಗು, ಒಂದು ಗಂಟೇಲಿ ಬೂದಿ. ಅದರಲ್ಲಿದ್ದ ಸಾರಜನಕ ಹೊಗೆ ಜೊತೆ ಹೋಯ್ತದೆ. ಸಾಲು ಬಿಟ್ಟು ಸಾಲಿಗೆ ಹಾಸಿದ್ರೆ ಕಳೇನೂ ಕಮ್ಮಿ, ನೀರೂ ಕಮ್ಮಿ. ಒಂದೇ ಎಚ್ಚರ, ತರಗು ಕೊಳೆಯೋವಾಗ ನೆಲದ ಸಾರಜನಕವನ್ನ ತಾನೇ ಎಳ್ಕೊಳ್ತದೆ, ಕೂಳೆ ಕಬ್ಬು ಮೊದ್ಲು ವಸಿ ಹಳದಿ ತಿರುಗ್ತದೆ. ಆವಾಗ ಹೆದರ್ಕೊಂಡು "ಸಾವಯವ ಸುಳ್ಳು" ಅನ್ನಬಾರ್ದು. ತರಗಿನ ಮೇಲೆ ಸಗಣಿ ಬಗ್ಗಡಾನೋ ಒಂದು ಹಿಡಿ ಯೂರಿಯಾನೋ ಬಿದ್ರೆ ಸರಿಹೋಯ್ತದೆ. ಅತ್ತಿಗೆ ಒಪ್ಪವ್ರೆ. ಅಣ್ಣಂಗೆ ಬೆಂಕಿಕಡ್ಡಿ ಬಿಡೋಕೆ ಇನ್ನೂ ಮನಸ್ಸಿಲ್ಲ.

ಕೊನೇದಾಗಿ ದುಡ್ಡಿನ ಮಾತು. ರಾಮನಗರದ ಮಾರ್ಕೆಟ್ಟಲ್ಲಿ ಗೂಡು ಹರಾಜಾಗಿ ದುಡ್ಡು ಬಂದಾಗ ಮೊಟ್ಟೆ ಖರ್ಚು, ಔಷಧಿ ಖರ್ಚು, ಗಾಡಿ ಬಾಡಿಗೆ ಎಲ್ಲಾ ಕಳೀತಾರೆ. ಯೂರಿಯಾ ಅರ್ಧ ಬಿಟ್ಟು ಉಳಿದ ದುಡ್ಡನ್ನ ಗೊಬ್ಬರದ ಖರ್ಚು ಅಂತಲೇ ಎತ್ತಿಡಿ ಅಂತ ನಾನು ನಮ್ಮನೇಲಿ ಕೇಳಿವ್ನಿ. ಅದು ಟ್ರ್ಯಾಕ್ಟರ್ ಟ್ರೈಲರಿಗೆ ಹೋಗ್ಲಿ, ಇಲ್ಲಾ ಇಬ್ಬರು ಆಳಿಗೆ ಹೋಗ್ಲಿ. ಟ್ರೈಲರ್ ತೋಟದ ಬದಿಗೆ ತಂದು ಸುರಿದ್ರೆ ಸಾಲಿಗೆ ಚೆಲ್ಲೋದನ್ನ ನಾವು ಮಾಡಾನ, ಬೇಜಾರಿಲ್ಲ. ನಮ್ಮ ಯಜಮಾನ್ರು "ನೋಡಾನ" ಅಂದವ್ರೆ. ಯುಗಾದಿ ಕಳೆದ ಮೇಲೆ ಗುಂಡಿ ತೆಗೆಯೋದು, ಅಷ್ಟರಲ್ಲಿ ಒಂದು ತೀರ್ಮಾನ ಆಗ್ಬೇಕು. ನಿಮ್ಮನೆಗಳಲ್ಲಿ ಏನಂತಾರೆ ಅಂತ ನೀವೂ ಕೇಳಿ ನೋಡ್ರವ್ವ.