ಕುದುರೆ ಕಂಡರೆ ಕಾಲುನೋವು

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ನಡೆಯುವ ಶಕ್ತಿಯಿದ್ದೂ, ಏರಿ ಹೋಗಲು ಏನಾದರೊಂದು ಕಣ್ಣಿಗೆ ಬಿದ್ದೊಡನೆ ಕಾಲು ಹಿಡಿದುಕೊಂಡು ಕುಳಿತುಬಿಡುವ ಸೋಮಾರಿಯನ್ನು ಹಂಗಿಸಲು ಹಿರಿಯರು ಆಡಿದ ಮಾತು ಅದು. ಮೊದಲನೆಯ ಪೀರಿಯಡ್ಡಿಗೆ ತಡವಾಗಿ ಬಂದು ಬಸ್ಸಿನ ಮೇಲೆ ತಪ್ಪು ಹೊರಿಸುವ ನಮ್ಮಂಥವರಿಗೆ ಅದು ಚೆನ್ನಾಗಿಯೇ ಒಪ್ಪುತ್ತದೆ. ಆದರೆ ನಿಜವಾಗಿಯೂ ಕಾಲು ನೋಯುವವನು, ಕಾಲಿದ್ದೂ ಅದು ತನ್ನ ಮಾತು ಕೇಳದವನು, ಕುದುರೆಯನ್ನು ಕಂಡರೆ ಏನಾದೀತು? ಕಳೆದ ಎರಡು ವರ್ಷಗಳಿಂದ ಈ ಪ್ರಶ್ನೆ ನಮ್ಮ ಮನೆಯ ಪ್ರಶ್ನೆಯಾಗಿದೆ. ಅದರಲ್ಲಿ ನಾನು ಕಂಡದ್ದನ್ನೂ, ನನ್ನ ಅಲ್ಪಮತಿಗೆ ತೋರಿದ್ದನ್ನೂ ಓದುಗ ಮಿತ್ರರ ಮುಂದಿಡುತ್ತೇನೆ.

ನನ್ನ ಅಕ್ಕನ ಮಗನಿಗೆ ಈಗ ಆರು ವರ್ಷ. ಮನೆಯಲ್ಲಿ ಎಲ್ಲರಿಗೂ ಅವನು ಪುಟ್ಟ. ಹುಟ್ಟಿದಾಗ ಅವನು ಕೂಡಲೆ ಅಳಲಿಲ್ಲ. ಆ ಕೆಲವು ನಿಮಿಷಗಳಲ್ಲಿ ಅವನ ಮಿದುಳಿಗಾದ ಹಾನಿಯನ್ನು ವೈದ್ಯರು ಮುಂದೆ ‘ಸೆರೆಬ್ರಲ್ ಪಾಲ್ಸಿ’ ಎಂದು ಹೆಸರಿಸಿದರು. ಬುದ್ಧಿಗೆ ಕೊರತೆಯಿಲ್ಲ, ಕತೆ ಹೇಳುವಾಗ ನಾನು ಒಂದು ಮಾತು ಬಿಟ್ಟರೆ ಅವನೇ ತಿದ್ದುತ್ತಾನೆ. ಆದರೆ ಕಾಲಿನ ಸ್ನಾಯುಗಳು ಬಿಗಿದುಕೊಂಡು, ಎರಡು ಕಾಲುಗಳೂ ಕತ್ತರಿಯಂತೆ ಒಂದರ ಮೇಲೊಂದು ಬರುತ್ತವೆ. ಬೆನ್ನು ನೆಟ್ಟಗೆ ನಿಲ್ಲದು. ನಾಲ್ಕು ವರ್ಷ ತುಂಬಿದಾಗಲೂ ಅವನು ಗೋಡೆಯ ಆಸರೆಯಿಲ್ಲದೆ ಕುಳಿತವನಲ್ಲ. ಕೂರಿಸಿದರೆ ಬೀಳದಂತೆ ಎರಡು ಕೈಗಳನ್ನೂ ನೆಲಕ್ಕೆ ಊರಿಕೊಳ್ಳುತ್ತಿದ್ದ. ಕೈ ನೆಲ ಹಿಡಿದ ಮೇಲೆ ತಟ್ಟೆಯ ಅನ್ನ ಕಲಸುವುದು ಹೇಗೆ? ಅಕ್ಕನೇ ತುತ್ತಿಡಬೇಕಾಗಿತ್ತು.

ಆಗ ನಾನು ಪ್ರಥಮ ಬಿ.ಎ. ತರಗತಿಯಲ್ಲಿದ್ದೆ. ಒಂದು ದಿನ ಮೊಬೈಲಿನಲ್ಲಿ, ಇಂಥದೇ ಮಗುವೊಂದು ಕುದುರೆಯ ಮೇಲೆ ನಗುತ್ತ ಕುಳಿತಿರುವ ಚಿತ್ರವನ್ನು ಕಂಡೆ. ಹಿಂದುಮುಂದು ನೋಡದೆ ಅಕ್ಕನಿಗೆ ತೋರಿಸಿದೆ. ವಿಚಾರಿಸಿದಾಗ ಬೆಂಗಳೂರಿನ ಹೊರವಲಯದಲ್ಲಿ ಒಂದು ಸ್ಥಳವಿದೆಯೆಂದು ತಿಳಿಯಿತು. ಅಲ್ಲಿಯವರು, “ಮೂರು ತಿಂಗಳು ಬಿಡದೆ ಬನ್ನಿ ಅಮ್ಮ, ನಿಮ್ಮ ಹುಡುಗ ತಾನಾಗಿಯೇ ನಡೆದುಕೊಂಡು ಹೋಗುತ್ತಾನೆ” ಎಂದರು. ಆ ಮಾತನ್ನು ನಂಬಿ ಅಕ್ಕ ಎರಡು ಬಳೆಗಳನ್ನು ಅಡವಿಟ್ಟಳು. ಅಲ್ಲಿ ಚಿಕಿತ್ಸಕರೆಂಬವರು ಯಾರೂ ಇರಲಿಲ್ಲ. ದೊಡ್ಡವರ ಜೀನಿನ ಮೇಲೆ ಮಗುವನ್ನು ಕೂರಿಸಿ, ಸೊಂಟಕ್ಕೊಂದು ಬಟ್ಟೆ ಬಿಗಿದು, ಕುದುರೆಯಾಳು ಲಗಾಮು ಹಿಡಿದು ಬಿರಬಿರನೆ ನಾಲ್ಕು ಸುತ್ತು ಹಾಕಿಸುತ್ತಿದ್ದ. ಆರನೆಯ ವಾರ ಪುಟ್ಟ ಸೊಂಟದ ನೋವಿನಿಂದ ರಾತ್ರಿಯಿಡೀ ಅತ್ತ. ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದೆವು. ಬಳೆಗಳು ಮಾತ್ರ ಹಿಂದಕ್ಕೆ ಬರಲಿಲ್ಲ. ಅಕ್ಕ ಇಂದಿಗೂ ನನ್ನನ್ನು ಒಂದು ಮಾತು ಅಂದಿಲ್ಲ. ಅದೇ ನನಗೆ ಭಾರವಾಗಿದೆ.

ತಪ್ಪು ಮಾಡಿದ ಮೇಲಾದರೂ ಓದಿ ತಿಳಿಯೋಣವೆಂದು ಹೊರಟೆ. ಈ ಚಿಕಿತ್ಸೆಗೆ ಪಾಶ್ಚಾತ್ಯರು ಇಟ್ಟಿರುವ ಹೆಸರು ‘ಹಿಪ್ಪೊಥೆರಪಿ’. ಅದನ್ನು ಹೇಳಿದಾಗ ನನ್ನ ಸಹಪಾಠಿಯೊಬ್ಬ, “ನೀರುಕುದುರೆಯ ಮೇಲೆ ಕೂರಿಸುತ್ತಾರೇನಯ್ಯ?” ಎಂದು ನಕ್ಕ. ಅವನ ಮಾತು ಪೂರ್ತಿ ತಪ್ಪೂ ಅಲ್ಲ. ಗ್ರೀಕ್ ಭಾಷೆಯಲ್ಲಿ ‘ಹಿಪ್ಪೋಸ್’ ಎಂದರೆ ಕುದುರೆ. ನಾವು ನೀರುಕುದುರೆ ಎನ್ನುವ ಪ್ರಾಣಿಯನ್ನು ಅವರೂ ಹೊಳೆಯ ಕುದುರೆ ಎಂದೇ ಕರೆದರು. ಹೆಸರು ಹೇಗಾದರೂ ಇರಲಿ, ತಿಳಿಯಬೇಕಾದ ಮೊದಲ ಸಂಗತಿಯೆಂದರೆ ಇದು ಕುದುರೆ ಸವಾರಿಯ ಶಿಕ್ಷಣವಲ್ಲ. ಸವಾರನು ಕುದುರೆಯನ್ನು ನಡೆಸುತ್ತಾನೆ. ಇಲ್ಲಿ ರೋಗಿಯು ಲಗಾಮನ್ನು ಮುಟ್ಟುವುದೇ ಇಲ್ಲ. ಕುದುರೆಯ ನಡಿಗೆಯನ್ನು ಚಿಕಿತ್ಸಕರು ಔಷಧದಂತೆ ಅಳೆದು ಕೊಡುತ್ತಾರೆ.

ಆ ನಡಿಗೆಯಲ್ಲಿ ಅಂಥದೇನಿದೆ? ನಾಗಾಲೋಟಕ್ಕೂ ಕುಕ್ಕುಲೋಟಕ್ಕೂ ಇಲ್ಲಿ ಕೆಲಸವಿಲ್ಲ. ಕುದುರೆಯು ಸಾವಧಾನವಾಗಿ, ನಾಲ್ಕು ಕಾಲುಗಳನ್ನು ಒಂದಾದ ಮೇಲೊಂದರಂತೆ ಎತ್ತಿಡುತ್ತ ನಡೆಯುವಾಗ ಅದರ ಬೆನ್ನು ಮೂರು ಬಗೆಯಲ್ಲಿ ಅಲುಗುತ್ತದೆ: ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಜೊತೆಗೆ ಸ್ವಲ್ಪ ತಿರುವಿದಂತೆ. ಅದರ ಮೇಲೆ ಕುಳಿತವನ ಸೊಂಟವೂ ಅದೇ ರೀತಿ ಅಲುಗುತ್ತದೆ. ಸೋಜಿಗವೆಂದರೆ, ನಾವು ನೀವು ನಡೆಯುವಾಗ ನಮ್ಮ ಸೊಂಟದ ಎಲುಬು ಹೆಚ್ಚು ಕಡಿಮೆ ಹೀಗೆಯೇ ಚಲಿಸುತ್ತದೆ. ಎಂದರೆ, ಒಂದು ಹೆಜ್ಜೆಯನ್ನೂ ಇಡದ ಮಗುವಿನ ಮೈಗೆ, ನಡಿಗೆ ಎಂದರೆ ಹೇಗಿರುತ್ತದೆ ಎಂಬ ಅನುಭವ ಕುಳಿತಲ್ಲಿಯೇ ದೊರೆಯುತ್ತದೆ.

ಇನ್ನೊಂದು ಲೆಕ್ಕವನ್ನೂ ನೋಡಬೇಕು. ಕುದುರೆ ನಿಮಿಷಕ್ಕೆ ನೂರು ಹೆಜ್ಜೆಯಿಡುತ್ತದೆಂದರೆ ಇಪ್ಪತ್ತೈದು ನಿಮಿಷಕ್ಕೆ ಎರಡೂವರೆ ಸಾವಿರ ಹೆಜ್ಜೆಯಾಯಿತು. ಹೆಜ್ಜೆಹೆಜ್ಜೆಗೂ ಮಗುವಿನ ಸಮತೋಲ ಒಂದಿಷ್ಟು ತಪ್ಪುತ್ತದೆ, ಬೆನ್ನು ಹೊಟ್ಟೆಗಳ ಸ್ನಾಯುಗಳು ಅದನ್ನು ಮತ್ತೆ ಸರಿಪಡಿಸಿಕೊಳ್ಳುತ್ತವೆ. ಬಾಗಿ ಬಾಗಿ ಬಳಲುವ ಯಾವ ಚಿಕಿತ್ಸಕರ ಎರಡು ಕೈಗಳು ಅರ್ಧ ಗಂಟೆಯೊಳಗೆ ಎರಡೂವರೆ ಸಾವಿರ ಬಾರಿ ಈ ಅಭ್ಯಾಸ ಮಾಡಿಸಿಯಾವು? ಅದೂ ಮಗು ಅಳದಂತೆ! ಕುದುರೆಯನ್ನು ನಿಲ್ಲಿಸಿ ಮತ್ತೆ ಹೊರಡಿಸುವುದು, ವೃತ್ತದಲ್ಲಿ ತಿರುಗಿಸುವುದು, ಮಗುವನ್ನು ಹಿಮ್ಮುಖವಾಗಿ ಕೂರಿಸುವುದು, ಇವೆಲ್ಲ ಆ ಅಭ್ಯಾಸವನ್ನು ಕಠಿಣವಾಗಿಸುವ ಉಪಾಯಗಳು.

ಈ ವಿಚಾರಕ್ಕೆ ಲೋಕದ ಕಣ್ಣು ತೆರೆಸಿದವರಲ್ಲಿ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಮಹಿಳೆಯ ಹೆಸರನ್ನು ಮೊದಲು ಹೇಳುವುದು ವಾಡಿಕೆ. 1944ರಲ್ಲಿ, ಇಪ್ಪತ್ಮೂರರ ವಯಸ್ಸಿನಲ್ಲಿ, ಗರ್ಭಿಣಿಯಾಗಿದ್ದಾಗ ಆಕೆಗೆ ಪೋಲಿಯೋ ತಗುಲಿತು. ಮೊಣಕಾಲಿನಿಂದ ಕೆಳಗೆ ಶಕ್ತಿ ಮರಳಲೇ ಇಲ್ಲ. ಆದರೂ ಆಕೆ ಕುದುರೆಯ ಬೆನ್ನಿಗೆ ಹಿಂದಿರುಗಿದಳು. ಕುದುರೆಯನ್ನು ಸನ್ನೆಯಿಂದಲೇ ನಡೆಸುವ ‘ಡ್ರೆಸಾಜ್’ ಎಂಬ ಸ್ಪರ್ಧೆ ಅದುವರೆಗೆ ಸೇನಾಧಿಕಾರಿಗಳಿಗೆ ಮೀಸಲಾಗಿದ್ದು, 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಸ್ತ್ರೀಯರಿಗೂ ತೆರೆಯಿತು. ಅಲ್ಲಿ ಆಕೆ ‘ಜುಬಿಲಿ’ ಎಂಬ ಕುದುರೆಯೇರಿ, ಪುರುಷರೊಡನೆ ಸ್ಪರ್ಧಿಸಿ, ಬೆಳ್ಳಿಯ ಪದಕ ಗೆದ್ದಳು. ಪದಕದ ವೇದಿಕೆಗೆ ಏರಲು ಚಿನ್ನ ಗೆದ್ದ ಸ್ವೀಡನ್ನಿನ ಸೇಂಟ್ ಸಿರ್ ಆಕೆಗೆ ನೆರವಾಗಬೇಕಾಯಿತು. 1956ರಲ್ಲಿ ಮತ್ತೊಮ್ಮೆ ಬೆಳ್ಳಿ ಗೆದ್ದಳು. ಈ ಕತೆಯನ್ನು ಹೇಳುವವರು, ಕುದುರೆ ಆಕೆಯ ಕಾಲನ್ನು ವಾಸಿಮಾಡಿತು ಎಂಬಂತೆ ಹೇಳುವುದುಂಟು. ಅದು ಸಲ್ಲದು. ಕಾಲು ವಾಸಿಯಾಗಲಿಲ್ಲ. ವಾಸಿಯಾಗದ ಕಾಲಿನೊಡನೆ ಆಕೆ ನೆಟ್ಟಗೆ ಕುಳಿತಳು, ಅಷ್ಟೆ. ನನಗೆ ಈ ‘ಅಷ್ಟೆ’ ಎಂಬುದೇ ದೊಡ್ಡದಾಗಿ ಕಾಣುತ್ತದೆ.

1960ರ ದಶಕದಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ದೇಶಗಳ ಚಿಕಿತ್ಸಕರು ಇದನ್ನು ಒಂದು ಶಿಸ್ತಿಗೆ ತಂದರು. ಈಚಿನ ಪರೀಕ್ಷೆಗಳು ಏನನ್ನುತ್ತವೆ? 2015ರಲ್ಲಿ ಪ್ರಕಟವಾದ ಕೊರಿಯಾದ ಅಧ್ಯಯನವೊಂದರಲ್ಲಿ ಪುಟ್ಟನಂಥ 92 ಮಕ್ಕಳಿದ್ದರು. ವಾರಕ್ಕೆರಡು ಬಾರಿ, ಅರ್ಧ ಗಂಟೆಯಂತೆ, ಎಂಟು ವಾರ ಕುದುರೆಯ ಮೇಲೆ ಕುಳಿತವರ ಅಂಗಚಲನೆ ಮತ್ತು ಸಮತೋಲ ಉಳಿದವರಿಗಿಂತ ಸುಧಾರಿಸಿತು. 2017ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಪಾರ್ಶ್ವವಾಯು ಬಡಿದು ತಿಂಗಳುಗಳೇ ಕಳೆದಿದ್ದ 123 ರೋಗಿಗಳನ್ನು ಪರೀಕ್ಷಿಸಿದರು. ಹನ್ನೆರಡು ವಾರಗಳ ಅನಂತರ ತಮಗೆ ಗುಣ ಕಂಡಿತೆಂದವರು ಕುದುರೆಯ ಗುಂಪಿನಲ್ಲಿ ನೂರಕ್ಕೆ 56, ಎರಡೂ ಇಲ್ಲದವರಲ್ಲಿ 17. ತಾಳ ಸಂಗೀತಗಳ ಗುಂಪಿನಲ್ಲಿ 38. ಜರ್ಮನಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ, ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ನರರೋಗವಿದ್ದ 70 ಮಂದಿಯ ಪರೀಕ್ಷೆಯಲ್ಲಿಯೂ ಸಮತೋಲ ಹೆಚ್ಚಿತು. ಆದರೆ 2009ರ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ, ಹತ್ತು ವಾರ ಸವಾರಿ ಮಾಡಿದ ಮಕ್ಕಳಿಗೂ ಮಾಡದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಲ್ಲವೂ ಸಣ್ಣ ಗುಂಪುಗಳು, ಕೆಲವೇ ವಾರಗಳು. ಸಮತೋಲಕ್ಕೆ ಒಳ್ಳೆಯದೆನ್ನಲು ಆಧಾರವಿದೆ. ನಡೆಸಿಕೊಡುತ್ತೇವೆ ಎನ್ನಲು ಆಧಾರವಿಲ್ಲ.

ಇಷ್ಟು ತಿಳಿದ ಮೇಲೆ, ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿಸ್ಟರೊಬ್ಬರ ಸಲಹೆಯಂತೆ ಇನ್ನೊಂದು ಕಡೆಗೆ ಹೋದೆವು. ಅಲ್ಲಿ ಕುದುರೆಗಿಂತ ಮೊದಲು ಕೇಳಿದ್ದು ಸೊಂಟದ ಕ್ಷಕಿರಣ ಚಿತ್ರವನ್ನು. ಇಂಥ ಮಕ್ಕಳಲ್ಲಿ ತೊಡೆಯ ಕೀಲು ಜಾರುವ ಅಪಾಯವಿರುತ್ತದೆಯಂತೆ. ಮೂಳೆ ಬಲಹೀನವಾಗಿದ್ದರೆ, ಅಪಸ್ಮಾರ ಹಿಡಿತದಲ್ಲಿಲ್ಲದಿದ್ದರೆ, ಕತ್ತಿನ ಕೀಲು ಸಡಿಲವಾಗಿದ್ದರೆ ಅವರು ಕೂರಿಸುವುದೇ ಇಲ್ಲ. ಜೀನು ಇಲ್ಲ, ದಪ್ಪ ಕಂಬಳಿ, ಹಿಡಿಯಿರುವ ಒಂದು ಪಟ್ಟಿ. ಒಬ್ಬರು ಕುದುರೆಯ ಮುಂದೆ, ಇಬ್ಬರು ಅಕ್ಕಪಕ್ಕದಲ್ಲಿ. ಚಿಕಿತ್ಸಕಿಯ ಕಣ್ಣು ಪುಟ್ಟನ ಬೆನ್ನಿನ ಮೇಲೆ. ಕುದುರೆ ಎಲ್ಲವನ್ನೂ ಕಂಡು ದಣಿದಂಥ ಮುದಿ ಹೆಣ್ಣುಕುದುರೆ. “ಇವನು ನಡೆಯುತ್ತಾನೆಯೆ?” ಎಂದು ಅಕ್ಕ ಕೇಳಿದಳು. ಆಕೆ, “ಅದನ್ನು ನಾನು ಹೇಳಲಾರೆ ಅಮ್ಮ. ಕೂರುವುದನ್ನು ಕಲಿಸಲು ಪ್ರಯತ್ನಿಸೋಣ” ಎಂದರು. ಹೊರಗೆ ಬಂದ ಅಕ್ಕ, “ಇವರನ್ನು ನಂಬಬಹುದು ಕಣೋ” ಎಂದಳು.

ಈ ವಿಷಯವನ್ನು ನಮ್ಮ ಅರ್ಥಶಾಸ್ತ್ರದ ಉಪನ್ಯಾಸಕರೊಡನೆ ಪ್ರಸ್ತಾಪಿಸಿದಾಗ ಅವರು, “ತಾಲ್ಲೂಕು ಆಸ್ಪತ್ರೆಗೆ ಹೋದರೆ ಫಿಸಿಯೋಥೆರಪಿಸ್ಟರು ಸಿಗುವುದೇ ಕಷ್ಟ, ನಿನಗೆ ಕುದುರೆ ಬೇಕೇನಯ್ಯ?” ಎಂದರು. ಮಾತು ನ್ಯಾಯವಾದದ್ದು. ಕುದುರೆಗೆ ಮೇವು ಬೇಕು, ಲಾಯ ಬೇಕು, ಆಳು ಬೇಕು. ಒಂದು ಮಗುವಿನ ಸುತ್ತ ನಾಲ್ವರು ನಿಲ್ಲಬೇಕು. ಆದುದರಿಂದ ಕುದುರೆಯ ಸ್ಥಾನ ಚಿಕಿತ್ಸಕರ ಜೊತೆಯಲ್ಲಿಯೇ ಹೊರತು ಅವರ ಬದಲಿಗಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಮೊದಲು ಪ್ರತಿ ತಾಲ್ಲೂಕಿಗೂ ಚಿಕಿತ್ಸಕರು ಬರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಸೆರೆಬ್ರಲ್ ಪಾಲ್ಸಿಯೂ ಮಲ್ಟಿಪಲ್ ಸ್ಕ್ಲೀರೋಸಿಸ್ಸೂ ಸೇರಿವೆ. ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಪುಟ್ಟನ ಬೆನ್ನು ನಿಲ್ಲುವುದಿಲ್ಲ.

ಆದರೆ ಕುದುರೆ ನಮಗೆ ಅಪರಿಚಿತವಾದ ಪ್ರಾಣಿಯೇನೂ ಅಲ್ಲ. ಕನ್ನಡದಲ್ಲಿ ಅಭಿನವಚಂದ್ರನು ‘ಅಶ್ವವೈದ್ಯ’ವೆಂಬ ಗ್ರಂಥವನ್ನೇ ಬರೆದಿದ್ದಾನೆ. ಟಿಪ್ಪುವಿನ ಕಾಲದಿಂದ ಕುಣಿಗಲ್ಲು ಕುದುರೆಗಳಿಗೆ ಹೆಸರಾಯಿತು. 1918ರಲ್ಲಿ ಮೈಸೂರಿನ ರಾವುತರು ದೂರದ ಹೈಫಾದಲ್ಲಿ ಕಾದಿದರು. ದಸರೆಯ ಮೆರವಣಿಗೆಯಲ್ಲಿ ಅಶ್ವದಳವನ್ನು ನೋಡಿ ಕೈತಟ್ಟುತ್ತೇವೆ. ರೇಸಿನ ಕುದುರೆಗಳ ಮೇಲೆ ಹಣ ಹೂಡುವವರೂ ನಮ್ಮಲ್ಲಿದ್ದಾರೆ. ಕಾಳಗಕ್ಕೆ, ಮೆರವಣಿಗೆಗೆ, ಜೂಜಿಗೆ ಒದಗಿದ ಕುದುರೆ ವಾರಕ್ಕೆ ಅರ್ಧ ಗಂಟೆ ಒಂದು ಮಗುವಿಗೆ ಒದಗಬಾರದೆ? ಸೇವೆಯಿಂದ ನಿವೃತ್ತವಾದ ಕುದುರೆಗಳಲ್ಲಿ ಶಾಂತಸ್ವಭಾವದವನ್ನು ಆರಿಸಿ, ಅವು ದಣಿಯದಂತೆ ನೋಡಿಕೊಂಡು, ವೈದ್ಯಕೀಯ ಕಾಲೇಜೊಂದರ ಮೇಲ್ವಿಚಾರಣೆಯಲ್ಲಿ ಸರ್ಕಾರವು ಒಂದೇ ಒಂದು ಕೇಂದ್ರವನ್ನು ನಡೆಸಿ ನೋಡಲಿ. ಆದ ಗುಣವನ್ನೂ ಆಗದ ಗುಣವನ್ನೂ ಬರೆದಿಡಲಿ. ಜೊತೆಗೆ, ‘ನಡೆಸಿಕೊಡುತ್ತೇವೆ’ ಎಂದು ಹಣ ಕೇಳುವವರನ್ನು ತಡೆಯಲಿ. ತಾಯಂದಿರ ಆಸೆಯನ್ನು ಮಾರಾಟಕ್ಕಿಡುವುದಕ್ಕಿಂತ ನೀಚವಾದ ವ್ಯಾಪಾರವಿಲ್ಲ. ತಿಳಿಯದೆ ಅದಕ್ಕೆ ದಲ್ಲಾಳಿಯಾದ ನಾನು ಈ ಮಾತನ್ನು ಹೇಳಬೇಕಾದವನೇ.

ಕಡೆಯದಾಗಿ ಪುಟ್ಟನ ಸಮಾಚಾರ. ಈ ಎರಡನೆಯ ಕಡೆಗೆ ಹೋಗತೊಡಗಿ ಈಗ ಹತ್ತು ತಿಂಗಳಾಯಿತು. ಅವನು ನಡೆಯುವುದಿಲ್ಲ. ಮುಂದೆ ನಡೆದಾನೆಂದು ಹೇಳುವ ಧೈರ್ಯವೂ ನನಗಿಲ್ಲ. ಆದರೆ ಕಳೆದ ಯುಗಾದಿಯ ದಿನ ಊಟದ ಪಂಕ್ತಿಯಲ್ಲಿ ಗೋಡೆಯಿಂದ ಎರಡು ಮೊಳ ಈಚೆಗೆ, ನನ್ನ ಪಕ್ಕದಲ್ಲಿ, ಎಲೆಯ ಮುಂದೆ ಕುಳಿತ. ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಿಂದ ಹೋಳಿಗೆ ಮುರಿದು ತಾನೇ ತಿಂದ. ಅರ್ಧ ಎಲೆಯ ಮೇಲೆ, ಅರ್ಧ ಅಂಗಿಯ ಮೇಲೆ. ಇದು ಕುದುರೆಯಿಂದಲೇ ಆಯಿತೆಂದು ನಾನು ಸಾಧಿಸಲಾರೆ. ಈ ಹತ್ತು ತಿಂಗಳೂ ಅಕ್ಕ ದಿನಕ್ಕೆರಡು ಬಾರಿ ಅವನಿಗೆ ಅಂಗಸಾಧನೆ ಮಾಡಿಸಿದ್ದಾಳೆ. ಕುದುರೆಯದೆಷ್ಟು ಪಾಲು, ಅಕ್ಕನದೆಷ್ಟು ಪಾಲು ಎಂದು ಬಿಡಿಸಿ ಹೇಳಲು ನಮ್ಮ ಮನೆಯೊಂದರ ಅನುಭವ ಸಾಲದು. ಅದಕ್ಕಾಗಿಯೇ ಪರೀಕ್ಷೆ ಬೇಕೆನ್ನುತ್ತಿರುವುದು.

ಮನೆಗೆ ಬಂದವರೆಲ್ಲ ಇಂದಿಗೂ ಕೇಳುವುದು ಒಂದೇ ಪ್ರಶ್ನೆ: “ಹುಡುಗ ನಡೆದನೆ?” ಇಲ್ಲವೆಂದರೆ ಅಯ್ಯೋ ಪಾಪ ಎನ್ನುತ್ತಾರೆ, ಅಕ್ಕ ತಲೆ ತಗ್ಗಿಸುತ್ತಾಳೆ. ಮಿತ್ರರೇ, ನಿಮ್ಮ ಬೀದಿಯಲ್ಲಿಯೂ ನಿಮ್ಮ ನಂಟರಲ್ಲಿಯೂ ಇಂಥ ಮಗುವಿರಬಹುದು. ಅವರ ಮನೆಗೆ ಹೋದಾಗ ದಯವಿಟ್ಟು ಆ ಪ್ರಶ್ನೆಯನ್ನು ಕೇಳಬೇಡಿ. “ಮಗು ಈಗ ಕುಳಿತು ಉಣ್ಣುತ್ತದೆಯೆ?” ಎಂದು ಕೇಳಿ. ನನ್ನ ಅಕ್ಕನಂಥವರು ತಲೆಯೆತ್ತಿ ಉತ್ತರ ಹೇಳುತ್ತಾರೆ.