ಸನ್‌ಮೈಕಾ ಮೇಲೆ ಬಣ್ಣ ನಿಲ್ಲುವುದೇ ಇಲ್ಲವೇ?

ನಮ್ಮ ಬಳಗದವರೊಬ್ಬರ ಅಡುಗೆಮನೆಯ ಕಪಾಟುಗಳಿಗೆ ಹತ್ತು ವರ್ಷ ದಾಟಿತ್ತು. ಪ್ಲೈವುಡ್ ಇನ್ನೂ ಗಟ್ಟಿ, ಬಾಗಿಲ ಕೀಲುಗಳೂ ಸರಿ. ಮೇಲಿನ ಕಂದು ಸನ್‌ಮೈಕಾ ಮಾತ್ರ ನೋಡಿ ನೋಡಿ ಬೇಸರವಾಗಿತ್ತು. ಹೊಸದಾಗಿ ಮಾಡಿಸಲು ಲಕ್ಷಗಟ್ಟಲೆ ಬೇಕು. ದೀಪಾವಳಿಗೆ ಮೊದಲು ಪೇಂಟರ್ ಒಬ್ಬರನ್ನು ಕರೆಸಿ ಬಿಳಿ ಎನಾಮಲ್ ಬಳಿಸಿದರು. ಸಂಕ್ರಾಂತಿ ಹೊತ್ತಿಗೆ ಹಿಡಿಕೆಗಳ ಸುತ್ತ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಉಗುರು ತಾಗಿಸಿದರೆ ಪಟ್ಟಿಪಟ್ಟಿಯಾಗಿ ಕಿತ್ತು ಬರುತ್ತಿತ್ತು. "ಸನ್‌ಮೈಕಾ ಮೇಲೆ ಬಣ್ಣ ನಿಲ್ಲಲ್ಲ ಸಾರ್, ಯಾರು ಬಳಿದರೂ ಅಷ್ಟೇ" ಎಂದರಂತೆ ಪೇಂಟರ್.

ಈ ಮಾತು ಅರ್ಧ ನಿಜ. ಮರಕ್ಕೆ ಬಳಿದ ಹಾಗೆ ಬಳಿದರೆ ನಿಲ್ಲುವುದಿಲ್ಲ. ಯಾಕೆ ಎಂದು ತಿಳಿದರೆ ನಿಲ್ಲಿಸುವ ದಾರಿಯೂ ಅಲ್ಲೇ ಸಿಗುತ್ತದೆ.

ಮೊದಲು ಸನ್‌ಮೈಕಾ ಎಂದರೇನು ನೋಡೋಣ. ಅದು ಒಂದು ಕಂಪನಿಯ ಹೆಸರು. ಬಳಸಿ ಬಳಸಿ ಎಲ್ಲ ಲ್ಯಾಮಿನೇಟ್‌ಗೂ ಅದೇ ಹೆಸರಾಯಿತು. ಅದರಲ್ಲಿ ಮೈಕಾ, ಅಂದರೆ ಅಭ್ರಕ, ಇಲ್ಲವೇ ಇಲ್ಲ. 1912ರ ಸುಮಾರಿಗೆ ಅಮೆರಿಕದಲ್ಲಿ ಡೇನಿಯಲ್ ಓಕಾನರ್ ಮತ್ತು ಹರ್ಬರ್ಟ್ ಫೇಬರ್ ವಿದ್ಯುತ್ ಯಂತ್ರಗಳಲ್ಲಿ ಅಭ್ರಕದ ಬದಲು ಬಳಸಲು ಒಂದು ಹಾಳೆಯನ್ನು ರೂಪಿಸಿದರು. ಅಭ್ರಕಕ್ಕೆ ಬದಲಿ ಎಂಬ ಅರ್ಥದಲ್ಲೇ ಅದಕ್ಕೆ ಫಾರ್ಮೈಕಾ ಎಂದು ಹೆಸರಿಟ್ಟರು. ಯಂತ್ರದೊಳಗಿದ್ದದ್ದು ಮುಂದೆ ಅಡುಗೆಮನೆಗೆ ಬಂತು. ಒಳಗಿರುವುದು ಕಾಗದ. ಕಂದು ಕ್ರಾಫ್ಟ್ ಕಾಗದದ ಪದರಗಳನ್ನು ಫೀನಾಲ್ ರಾಳದಲ್ಲಿ ನೆನೆಸಿ, ಮೇಲೆ ವಿನ್ಯಾಸವಿರುವ ಕಾಗದವನ್ನು ಮೆಲಮೈನ್ ರಾಳದಲ್ಲಿ ಅದ್ದಿ ಇಟ್ಟು, ಭಾರಿ ಒತ್ತಡ ಮತ್ತು ಶಾಖದಲ್ಲಿ ಒತ್ತುತ್ತಾರೆ. ನಮ್ಮಲ್ಲಿ ಸಿಗುವ ಹಾಳೆ ಸಾಮಾನ್ಯವಾಗಿ 0.8ರಿಂದ 1 ಮಿಲಿಮೀಟರ್ ದಪ್ಪ.

ಮೆಲಮೈನ್ ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಅಣುಗಳು ಬಲೆಯ ಹಾಗೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕಾಯಿಸಿದರೂ, ಥಿನ್ನರ್ ಸುರಿದರೂ ಬಿಡಿಸಿಕೊಳ್ಳುವುದಿಲ್ಲ. ಚಹಾ ಕಲೆ, ಅರಿಶಿನದ ಕಲೆ ಸುಲಭವಾಗಿ ಇಳಿಯದಿರುವುದು ಇದೇ ಕಾರಣಕ್ಕೆ. ಬಣ್ಣವೂ ಇಳಿಯದಿರುವುದು ಇದೇ ಕಾರಣಕ್ಕೆ. ಮರದಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಬಣ್ಣ ಅದರೊಳಗೆ ಇಳಿದು ಬೇರು ಬಿಟ್ಟ ಹಾಗೆ ಹಿಡಿಯುತ್ತದೆ. ಲ್ಯಾಮಿನೇಟ್ ಮೇಲೆ ಅದಕ್ಕೆ ಹಿಡಿಯಲು ಏನೂ ಇಲ್ಲ, ಮೇಲೆ ಒಂದು ಚರ್ಮವಾಗಿ ಕುಳಿತಿರುತ್ತದೆ ಅಷ್ಟೇ.

ಆದರೆ ಬಣ್ಣ ಏಳುವುದಕ್ಕೆ ಲ್ಯಾಮಿನೇಟ್ ಒಂದನ್ನೇ ದೂರುವುದು ಸರಿಯಲ್ಲ. ನಮ್ಮ ಅನುಭವದಲ್ಲಿ ದೊಡ್ಡ ಅಪರಾಧಿ ಒಗ್ಗರಣೆ. ಎಣ್ಣೆ ಕಾದಾಗ ಸಣ್ಣ ಹನಿಗಳು ಆವಿಯ ಜೊತೆ ಮೇಲೆದ್ದು ಕಪಾಟಿನ ಮೇಲೆ ಕೂರುತ್ತವೆ. ಸೂರ್ಯಕಾಂತಿಯಂಥ ಎಣ್ಣೆಗಳು ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತವೆ. ಒಲೆಯ ಮೇಲಿನ ಕಪಾಟಿನಲ್ಲಿ ಕೈಗೆ ಅಂಟುವ ಆ ಹಳದಿ ಜಿಡ್ಡು ಹುಟ್ಟುವುದು ಹೀಗೆ. ತೆಂಗಿನೆಣ್ಣೆಯಲ್ಲಿ ಇದು ಕಡಿಮೆ, ಅಗಸೆ ಎಣ್ಣೆಯಲ್ಲಿ ಅತಿ ಹೆಚ್ಚು. ಸ್ವಾರಸ್ಯವೆಂದರೆ ಎನಾಮಲ್ ಬಣ್ಣ ಗಟ್ಟಿಯಾಗುವುದೂ ಇದೇ ಕ್ರಿಯೆಯಿಂದ. ಚಿಮಣಿಯ ಜಿಡ್ಡಿಗೂ ಡಬ್ಬದ ಬಣ್ಣಕ್ಕೂ ದಾಯಾದಿ ಸಂಬಂಧ. ದಾಯಾದಿಗಳ ಹಾಗೆಯೇ ಒಂದರ ಮೇಲೊಂದು ಕೂತರೆ ಹೊಂದಿಕೊಳ್ಳುವುದಿಲ್ಲ.

ಈ ಜಿಡ್ಡನ್ನು ತೆಗೆಯಲು ನಿಂಬೆರಸ ಮತ್ತು ಅಡುಗೆ ಸೋಡಾ ಬೆರೆಸಿ ಉಜ್ಜಿ ಎಂಬ ಸಲಹೆ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಎರಡೂ ಸೇರಿದಾಗ ನೊರೆ ಬರುವುದು ನೋಡಲು ಚೆನ್ನ. ಆಮ್ಲವೂ ಕ್ಷಾರವೂ ಒಂದನ್ನೊಂದು ತಿಂದುಹಾಕಿ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಜಿಡ್ಡಿಗೆ ಬೇಕಾದದ್ದು ಕ್ಷಾರ. ಬಟ್ಟೆ ಒಗೆಯುವ ಸೋಡಾ ಬಿಸಿನೀರಿನಲ್ಲಿ ಎಣ್ಣೆಯನ್ನು ಸಾಬೂನಾಗಿಸಿ ಬಿಡಿಸುತ್ತದೆ. ಕೈಗವಸು ಹಾಕಿಕೊಂಡು ಉಜ್ಜಿ, ಬಳಿಕ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಬೇಕು. ಸೋಡಾ ಉಳಿದರೆ ಅದು ಬಳಿದ ಎನಾಮಲ್ಲನ್ನೂ ಸಾಬೂನಾಗಿಸಲು ಹೊರಡುತ್ತದೆ. ಶುಚಿಯಾಯಿತೇ ಎಂದು ನೋಡಲು ನಾಲ್ಕು ಹನಿ ನೀರು ಚಿಮುಕಿಸಿ. ಮುತ್ತಿನಂತೆ ದುಂಡಗೆ ನಿಂತರೆ ಜಿಡ್ಡು ಇನ್ನೂ ಇದೆ ಎಂಬ ಅನುಮಾನ ಇಟ್ಟುಕೊಳ್ಳಿ.

ಜಿಡ್ಡು ಹೋದ ಮೇಲೆ ಸ್ಯಾಂಡ್‌ಪೇಪರ್. ಕ್ರಮ ಮುಖ್ಯ: ಮೊದಲೇ ಉಜ್ಜಿದರೆ ಎಣ್ಣೆಯನ್ನು ಗೀರುಗಳೊಳಕ್ಕೆ ತುಂಬಿದಂತೆ. 220 ನಂಬರಿನ ಕಾಗದದಲ್ಲಿ ಹೊಳಪು ಸಾಯುವಷ್ಟು ಉಜ್ಜಿದರೆ ಸಾಕು, ಒಳಗಿನ ಕಂದು ಕಾಗದ ಕಾಣುವವರೆಗೆ ಅಲ್ಲ. ಆ ಸಣ್ಣ ಗೀರುಗಳೇ ಬಣ್ಣಕ್ಕೆ ಹಿಡಿಯಲು ಸಿಗುವ ಮೆಟ್ಟಿಲು. ವಿನೀರ್ ಕಪಾಟಾದರೆ ಇನ್ನೂ ಎಚ್ಚರ ಬೇಕು. ಅದು ಅಸಲಿ ಮರವೇ, ಆದರೆ ಕೆಲವೊಮ್ಮೆ ಅರ್ಧ ಮಿಲಿಮೀಟರ್ ದಪ್ಪ ಮಾತ್ರ. ಯಂತ್ರದಲ್ಲಿ ಜೋರಾಗಿ ಉಜ್ಜಿದರೆ ಅಂಚುಗಳಲ್ಲಿ ಮರ ಮುಗಿದು ಪ್ಲೈವುಡ್ ಕಾಣುತ್ತದೆ. ವಿನೀರ್ ಮೇಲೂ ಮೆಲಮೈನ್ ಇಲ್ಲವೇ ಪಿಯು ಪಾಲಿಷ್ ಇರುವುದರಿಂದ, ಮರ ಎಂಬ ನಂಬಿಕೆಯಲ್ಲಿ ನೇರ ಬಳಿಯುವಂತಿಲ್ಲ.

ನಮ್ಮ ಬಳಗದವರ ಮನೆಯಲ್ಲಿ ಪ್ರೈಮರ್ ಹಾಕಿದ್ದರೇ ಎಂದು ಕೇಳಿದೆವು. ಹಾಕಿದ್ದರು, ವುಡ್ ಪ್ರೈಮರ್. ಮರದೊಳಗೆ ಇಳಿಯಲೆಂದು ಮಾಡಿದ ವಸ್ತುವಿಗೆ ಇಲ್ಲಿ ಇಳಿಯಲು ಜಾಗ ಎಲ್ಲಿದೆ? ಲ್ಯಾಮಿನೇಟ್, ಗಾಜು, ಟೈಲ್‌ನಂಥ ನುಣುಪು ಮೇಲ್ಮೈಗೆ ಅಂಟುವ ಪ್ರೈಮರ್ ಬೇರೆಯೇ ಇದೆ. ಡಬ್ಬದ ಮೇಲೆ ಹಾಗೆ ಬರೆದಿದ್ದರೆ ಮಾತ್ರ ಕೊಳ್ಳಿ, ಅಂಗಡಿಯವರ ಮಾತಿಗೆ ಅಲ್ಲ.

"ದಪ್ಪ ಬಳಿದರೆ ಗಟ್ಟಿ ನಿಲ್ಲುತ್ತದೆ" ಎಂಬುದು ಇನ್ನೊಂದು ನಂಬಿಕೆ. ದಪ್ಪ ಬಳಿದರೆ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಮೇಲಷ್ಟೇ ಗಟ್ಟಿಯಾಗಿ, ಕೆಳಗೆ ಆಮ್ಲಜನಕ ತಲುಪದೆ ಹಸಿಯಾಗಿ ಉಳಿಯುತ್ತದೆ. ತೆಳುವಾಗಿ ಎರಡು ಮೂರು ಸಲವೇ ಸರಿ. ಕೈಗೆ ಅಂಟದಿದ್ದರೆ ಒಣಗಿದೆ ನಿಜ, ಆದರೆ ಪಕ್ವವಾಗಿಲ್ಲ. ಎನಾಮಲ್ ಪೂರ್ತಿ ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ ಬೇಕು. ಹಬ್ಬಕ್ಕೆ ಮೂರು ದಿನ ಮುಂಚೆ ಬಳಿಸಿ, ಹಬ್ಬದ ಮರುದಿನ ಸ್ಕ್ರಬ್ ಹಾಕಿ ಉಜ್ಜಿದರೆ ಯಾವ ಬಣ್ಣವೂ ತಾಳದು. ಬಿಳಿ ಎನಾಮಲ್ ಬಾಗಿಲ ಒಳಮೈಯಲ್ಲಿ ಬೇಗ ಹಳದಿಯಾದರೆ ಹೊಗೆಯನ್ನೇ ಬೈಯಬೇಡಿ. ಬೆಳಕು ಬೀಳದ ಕಡೆ ಅದು ತಾನಾಗಿಯೇ ಹಳದಿಗಟ್ಟುತ್ತದೆ. ನೀರಿನ ಅಕ್ರಿಲಿಕ್ ಬಣ್ಣಗಳಲ್ಲಿ ಈ ತೊಂದರೆ ಅಷ್ಟಿಲ್ಲ.

ಕೆಲವಕ್ಕೆ ಬಣ್ಣ ಬಳಿಯದಿರುವುದೇ ಲೇಸು. ಸಿಂಕಿನ ಕೆಳಗೆ ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ ಒಣಗಿದರೂ ಮೊದಲಿನಂತಾಗದು. ಪಿವಿಸಿ ಹಾಳೆ ಹೊದಿಸಿದ ಬಾಗಿಲುಗಳಲ್ಲಿ ಪ್ಲಾಸ್ಟಿಕ್ ಮೆದುಗೊಳಿಸುವ ರಾಸಾಯನಿಕ ನಿಧಾನವಾಗಿ ಹೊರಬಂದು ಬಣ್ಣವನ್ನು ಅಂಟಂಟಾಗಿಸಬಹುದು.

ಇನ್ನು ಆರೋಗ್ಯದ ವಿಷಯ. ಥಿನ್ನರ್‌ನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತದೆ, ಕಿಡಿಗೆ ಕಾಯುತ್ತಿರುತ್ತದೆ. ಬಳಿಯುವಾಗ ಒಲೆ ಹಚ್ಚಬಾರದು, ಸಿಲಿಂಡರ್ ರೆಗ್ಯುಲೇಟರ್ ಮುಚ್ಚಿರಬೇಕು, ಕಿಟಕಿ ತೆರೆದಿರಬೇಕು. ಎಣ್ಣೆ ಬಣ್ಣ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯಂಥವು ಗಟ್ಟಿಯಾಗುವಾಗ ಬಿಸಿ ಹುಟ್ಟಿ ತಾನೇ ಹೊತ್ತಿಕೊಂಡದ್ದುಂಟು. ನೀರಿನಲ್ಲಿ ನೆನೆಸಿ ಎಸೆಯಿರಿ. ಎರಡು ಡಬ್ಬ ಬೆರೆಸಿ ಸ್ಪ್ರೇ ಮಾಡುವ ಪಿಯು ಬಣ್ಣ ಎಲ್ಲಕ್ಕಿಂತ ಗಟ್ಟಿ ನಿಜ. ಆದರೆ ಅದರಲ್ಲಿರುವ ಐಸೊಸಯನೇಟ್‌ಗಳು ಉಬ್ಬಸ ತರಬಲ್ಲವು, ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯದು. ಸಂಜೆ ನೀವು ವಾಸನೆ ಎಂದು ಮೂಗು ಮುಚ್ಚಿಕೊಳ್ಳುವ ಗಾಳಿಯನ್ನು ಪೇಂಟರ್ ದಿನವಿಡೀ ಉಸಿರಾಡಿರುತ್ತಾರೆ. ಬಾಗಿಲುಗಳನ್ನು ಬಿಚ್ಚಿ ವರ್ಕ್‌ಶಾಪ್‌ನಲ್ಲಿ, ಸರಿಯಾದ ಮಾಸ್ಕ್ ಹಾಕಿಕೊಂಡು ಸ್ಪ್ರೇ ಮಾಡುವವರಿಗೇ ಆ ಕೆಲಸ ಕೊಡಿ.

ನಿಮ್ಮದು ಲ್ಯಾಮಿನೇಟ್ ಅಲ್ಲ, ಅಜ್ಜನ ಕಾಲದಲ್ಲಿ ಬಣ್ಣ ಬಳಿದ ಮರದ ಕಪಾಟು ಎಂದಾದರೆ ಒಣ ಸ್ಯಾಂಡ್‌ಪೇಪರ್ ಹಚ್ಚಬೇಡಿ. ಭಾರತದಲ್ಲಿ ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪದರಗಳಲ್ಲಿ ಎಷ್ಟಿದೆಯೋ ಕಣ್ಣಿಗೆ ಕಾಣದು. ಆ ಧೂಳು ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಹೋದರೆ ಮಿದುಳಿನ ಬೆಳವಣಿಗೆಗೇ ಪೆಟ್ಟು. ವಾಟರ್ ಪೇಪರ್‌ನಲ್ಲಿ ಒದ್ದೆಯಾಗಿಯೇ ಉಜ್ಜಿ, ಕೆಸರನ್ನು ಒರೆಸಿ ತೆಗೆಯಿರಿ. ಕೆಲಸ ಮುಗಿಯುವವರೆಗೆ ಮಕ್ಕಳು ಮತ್ತು ಗರ್ಭಿಣಿಯರು ಆ ಕಡೆ ಸುಳಿಯದಿರಲಿ.

ನಮ್ಮ ಬಳಗದವರು ಈ ಸಲ ಆತುರಪಡಲಿಲ್ಲ. ಸಿಂಕಿನ ಪಕ್ಕದ ಒಂದೇ ಬಾಗಿಲನ್ನು ಬಿಚ್ಚಿ, ಹಳೆಯ ಬಣ್ಣ ಕೆರೆದು, ತೊಳೆದು, ಉಜ್ಜಿ, ಹೊಸ ಪ್ರೈಮರ್ ಹಾಕಿ ಬಳಿಸಿದರು. ಹತ್ತು ದಿನ ಬಿಟ್ಟು ಒಳಮೈಯಲ್ಲಿ ಬ್ಲೇಡಿನಿಂದ ಚೌಕಳಿ ಗೀರಿ, ಅಂಟುಪಟ್ಟಿ ಒತ್ತಿ ಹಚ್ಚಿ ಥಟ್ಟನೆ ಕಿತ್ತರು. ಬಣ್ಣದ ಕಾರ್ಖಾನೆಗಳಲ್ಲೂ ಅಂಟುವಿಕೆಯನ್ನು ಅಳೆಯುವುದು ಹೆಚ್ಚುಕಡಿಮೆ ಹೀಗೆಯೇ. ಪಟ್ಟಿಗೆ ಒಂದು ಚೂರೂ ಬಂದಿರಲಿಲ್ಲ. ಉಳಿದ ಹದಿಮೂರು ಬಾಗಿಲುಗಳು ಈಗ ಸರದಿಯಲ್ಲಿವೆ.