ಕಾವೇರಿಯನ್ನು ಮಾರಿದವರು ಯಾರು?



1994ರ ಪೊಂಗಲ್ ಹಬ್ಬಕ್ಕೆ ತೆರೆಕಂಡ ‘ಮಹಾನದಿ’ ಎಂಬ ತಮಿಳು ಚಿತ್ರ ನಿಮ್ಮಲ್ಲಿ ಅನೇಕರಿಗೆ ಗೊತ್ತಿದೆ. ಅಂದು ಟಾಕೀಸಿನಲ್ಲಿ ನೋಡಿದವರ ಮಕ್ಕಳು ಇಂದು ಫೋನಿನಲ್ಲಿ ನೋಡುತ್ತಾರೆ. ನಿರ್ದೇಶನ ಸಂತಾನ ಭಾರತಿಯವರದು, ನಾಯಕ ಕಮಲಹಾಸನ್. ನೋಡಿದವರು ಹೆಚ್ಚಾಗಿ ನಾಯಕನು ಸೇಡು ತೀರಿಸಿಕೊಂಡದ್ದನ್ನೇ ಮಾತನಾಡುತ್ತಾರೆ. ನಾವು ಮಾತನಾಡಬೇಕಾದದ್ದು ಅವನ ಮಗಳು ಕಾವೇರಿಯ ವಿಷಯ.

ಕುಂಭಕೋಣದ ಕಡೆಯ ರೈತ ಕೃಷ್ಣಸ್ವಾಮಿ ಮದರಾಸಿನವನೊಬ್ಬನ ಮಾತು ನಂಬಿ ಚೀಟಿ ವ್ಯವಹಾರಕ್ಕೆ ಇಳಿದು, ಮೋಸಹೋಗಿ ಜೈಲು ಸೇರುತ್ತಾನೆ. ಮಕ್ಕಳನ್ನು ಸಾಕುತ್ತಿದ್ದ ಅಜ್ಜಿಗೆ ಖಾಯಿಲೆ. ಮನೆಯಲ್ಲಿ ಕಾಸಿಲ್ಲ. ಆ ಹೊತ್ತಿನಲ್ಲಿ ಹುಡುಗಿ ದುಷ್ಟರ ಕೈಗೆ ಸಿಕ್ಕುತ್ತಾಳೆ. ತಂದೆ ಹುಡುಕಿಕೊಂಡು ಹೋದಾಗ ಅವಳು ಸಿಕ್ಕಿದ್ದು ಕಲ್ಕತ್ತದ ಸೋನಾಗಾಚಿಯ ವೇಶ್ಯಾಗೃಹದಲ್ಲಿ.

ಕಾವೇರಿಯನ್ನು ಮಾರಿದವರು ಯಾರು? ದಲ್ಲಾಳಿ ಎಂದರೆ ಅರ್ಧ ಉತ್ತರ. ಖಾಯಿಲೆಯ ಮನೆಗೆ ನೆರೆಯವರು ಯಾರೂ ಬಾರದೆ ಹೋದದ್ದು ಉಳಿದರ್ಧ. ಇಂಥ ವ್ಯಾಪಾರಿ ಕತ್ತಿ ಹಿಡಿದು ಬರುವುದು ಅಪರೂಪ. ಅವನು ಔಷಧಿಗೆ ಹಣ, ಮಗಳಿಗೆ ಕೆಲಸ, ಮದುವೆಗೆ ಸಹಾಯ ಎಂದುಕೊಂಡು ಬರುತ್ತಾನೆ. ಅನೇಕ ಸಲ ಅವನು ಪರಿಚಯದವನೇ ಆಗಿರುತ್ತಾನೆ.

ನೀಲಗಿರಿ, ವಯನಾಡಿನ ತೋಟಗಳ ಜನರಾದ ನಮಗೆ ಇದು ಹೊಸದಲ್ಲ. ಕಂಗಾಣಿಯ ಮುಂಗಡಕ್ಕೆ ಹೆಬ್ಬೆಟ್ಟು ಒತ್ತಿ ಬೆಟ್ಟ ಹತ್ತಿದವರ ಕಥೆಯನ್ನು ಹಿರಿಯರಿಂದ ಕೇಳಿದ್ದೇವೆ. ಮುಂಗಡ ತೀರುವವರೆಗೆ ಇಳಿಯುವಂತಿರಲಿಲ್ಲ. ಮುಂದೆ ಕೊಯಮತ್ತೂರು, ತಿರುಪೂರು, ದಿಂಡಿಗಲ್ ಕಡೆಯ ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ’ ಎಂಬ ಯೋಜನೆ ಬಂತು. ಹುಡುಗಿ ಹಾಸ್ಟೆಲಿನಲ್ಲಿದ್ದು ಮೂರು ವರ್ಷ ದುಡಿಯಬೇಕು. ಕೊನೆಗೆ ಮದುವೆಗೆಂದು ಹಣದ ಗಂಟು. ಮೈ ಸೋತು ನಡುವೆ ಮನೆಗೆ ಮರಳಿದ ಎಷ್ಟೋ ಹುಡುಗಿಯರಿಗೆ ಆ ಗಂಟು ಸಿಗಲಿಲ್ಲ.

ಹೊರಗೆ ಕೆಲಸಕ್ಕೆ ಹೋಗಬಾರದೆಂದು ನಾವು ಹೇಳುವುದಿಲ್ಲ. ತೋಟದ ಸಂಬಳದಲ್ಲಿ ಸಂಸಾರ ಸಾಗದೆಂಬುದು ನಮಗೂ ಗೊತ್ತು. ಕೇಳಿ ಕಳುಹಿಸಿರಿ ಎಂದಷ್ಟೇ ಹೇಳುತ್ತೇವೆ. ಕೆಲಸ ಕೊಡುವವರ ಹೆಸರು, ವಿಳಾಸ ಏನು? ಸಂಬಳ ಯಾರ ಕೈಗೆ ಬರುತ್ತದೆ? ಆಧಾರ್ ಕಾರ್ಡು ಯಾರ ಹತ್ತಿರ ಇರುತ್ತದೆ? ಮಗಳು ಬೇಕಾದಾಗ ಮನೆಗೆ ಫೋನು ಮಾಡಬಹುದೇ, ಬೇಡವಾದಾಗ ಬಿಟ್ಟು ಬರಬಹುದೇ? ಇಷ್ಟಕ್ಕೆ ನೇರ ಉತ್ತರ ಕೊಡದವನ ಮುಂಗಡವನ್ನು ಮುಟ್ಟಬೇಡಿರಿ.

ಕಾನೂನು ನಮ್ಮ ಕಡೆ ಇದೆ. ಮನುಷ್ಯರ ಮಾರಾಟವನ್ನೂ ಬಲವಂತದ ದುಡಿಮೆಯನ್ನೂ ಸಂವಿಧಾನದ 23ನೇ ವಿಧಿ ನಿಷೇಧಿಸಿದೆ. ಜೀತಪದ್ಧತಿ 1976ರ ಕಾನೂನಿನಿಂದ ರದ್ದಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಂತೆ ಈ ಅಪರಾಧಕ್ಕೆ ಕನಿಷ್ಠ 7 ವರ್ಷ, ಮಗುವಾಗಿದ್ದರೆ ಕನಿಷ್ಠ 10 ವರ್ಷ ಕಠಿಣ ಶಿಕ್ಷೆ. ‘ಹುಡುಗಿಯೇ ಒಪ್ಪಿ ಬಂದಳು’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಅನುಮಾನ ಬಂದರೆ ಮಕ್ಕಳ ವಿಷಯಕ್ಕೆ 1098, ಹೆಂಗಸರ ವಿಷಯಕ್ಕೆ 181, ಪೊಲೀಸಿಗೆ 112 ಕರೆಮಾಡಿರಿ. ಠಾಣೆಗೆ ಒಬ್ಬರೇ ಹೋಗಲು ಅಂಜುವವರು ಯೂನಿಯನ್ನಿನವರನ್ನು ಕರೆದುಕೊಂಡು ಹೋಗಿರಿ.

ಚಿತ್ರದಲ್ಲಿ ಇನ್ನೊಂದು ಮಾತಿದೆ. ಕಾವೇರಿ ಹೊರಟುಹೋಗಲೆಂದು ಅಲ್ಲಿನ ಹೆಂಗಸರೇ ತಮ್ಮ ಕೈಕಾಸು ಕೂಡಿಸಿ ಕೊಡುತ್ತಾರೆ. ಲೋಕ ಪಾಪಿಗಳೆಂದು ಕರೆದವರು ಮಾಡಿದ ಈ ಕೆಲಸವನ್ನು ಸಭೆಯವರಾದ ನಾವು ಮಾಡುತ್ತೇವೆಯೇ? ಹಾಗೆ ಮರಳಿ ಬಂದ ಹುಡುಗಿ ನಮ್ಮ ಲೈನಿನಲ್ಲಿ ತಲೆಯೆತ್ತಿ ನಡೆಯಬಹುದೇ? ದೇವಾಲಯದಲ್ಲಿ ಅವಳ ಪಕ್ಕದಲ್ಲಿ ಯಾರು ಕೂರುತ್ತಾರೆ? ಕಳೆದುಹೋದ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದ ಕುರುಬನು ಅದನ್ನು ಬೈದನೆಂದು ಪ್ರಭು ಹೇಳಲಿಲ್ಲ.

ನೆಹೆಮೀಯನ ಗ್ರಂಥದ 5ನೇ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಓದಿರಿ. ದವಸಕ್ಕಾಗಿ ಸಾಲಮಾಡಿ, ಗಂಡು ಹೆಣ್ಣು ಮಕ್ಕಳನ್ನು ಗುಲಾಮಗಿರಿಗೆ ಒಪ್ಪಿಸಬೇಕಾದ ಬಡವರ ಕೂಗು ಅಲ್ಲಿದೆ. ಆ ಕೂಗನ್ನು ಕೇಳಿ ನೆಹೆಮೀಯನು ಸಿಟ್ಟಾದನು, ದೊಡ್ಡ ಸಭೆ ಸೇರಿಸಿದನು, ಸಾಲಕೊಟ್ಟ ಧನಿಕರಿಂದ ಹೊಲ ಮನೆಗಳನ್ನು ಹಿಂದಕ್ಕೆ ಕೊಡಿಸಿದನು. ಅವನು ಸಾಲದ ಬೇರಿಗೇ ಕೈ ಹಾಕಿದನು.

ನಮ್ಮ ಕೈಲಾದದ್ದೂ ಅದೇ. ಪ್ರತಿ ಲೈನಿನಲ್ಲಿಯೂ ಸಂಬಳದ ದಿನ ಮನೆಗಿಷ್ಟೆಂದು ಎತ್ತಿಟ್ಟು ಒಂದು ಕಷ್ಟನಿಧಿ ಕಟ್ಟೋಣ. ಖಾಯಿಲೆಯ ಮನೆಯ ಬಾಗಿಲನ್ನು ದಲ್ಲಾಳಿ ತಟ್ಟುವ ಮೊದಲು ನಾವು ತಟ್ಟೋಣ.